ದುಭಾಷಿಯ ನಾಲಗೆ: ಒಟ್ಟೋಮನ್ ಆಸ್ಥಾನದಲ್ಲಿ ಯುರೋಪಿನ ರಾಯಭಾರಿಗಳು

ನಾವು ಬಳಸುವ 'ತರ್ಜುಮೆ' ಎಂಬ ಮಾತು ಅರಬ್ಬೀ ಮೂಲದ್ದು. ತರ್ಜುಮೆ ಮಾಡುವವನು ಆ ಭಾಷೆಯಲ್ಲಿ 'ತರ್ಜುಮಾನ್'. ಅದೇ ಮಾತು ಇಟಲಿಯ ವರ್ತಕರ ಬಾಯಲ್ಲಿ 'ದ್ರಗೊಮಾನ್ನೊ' ಎಂದಾಯಿತು, ಇಂಗ್ಲಿಷರ ಬಾಯಲ್ಲಿ 'ಡ್ರಾಗೊಮನ್' ಎಂದಾಯಿತು. ನಾವು ಇದನ್ನು ಕನ್ನಡದಲ್ಲಿ ದುಭಾಷಿ ಎನ್ನುತ್ತೇವೆ. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಒಟ್ಟೋಮನ್ ಸುಲ್ತಾನರ ರಾಜಧಾನಿಯಾದ ಇಸ್ತಾಂಬೂಲಿಗೆ ಯುರೋಪಿನ ಅರಸರು ಕಳುಹಿಸಿದ ರಾಯಭಾರಿಗಳ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸರ ಹೆಸರನ್ನೂ ಒಪ್ಪಂದಗಳ ವರ್ಷವನ್ನೂ ಹೇಳಿ ಮುಗಿಸುತ್ತಾರೆ. ಆದರೆ ಆ ರಾಯಭಾರಿ ಆಡಿದ ಪ್ರತಿಯೊಂದು ಮಾತೂ ಇನ್ನೊಬ್ಬನ ನಾಲಗೆಯ ಮೇಲೆ ಹಾದು ಸುಲ್ತಾನನ ಕಿವಿಯನ್ನು ಮುಟ್ಟುತ್ತಿತ್ತು. ಯುದ್ಧವೋ ಶಾಂತಿಯೋ ಎಂಬುದು ಎಷ್ಟೋ ವೇಳೆ ಆ ನಾಲಗೆಯನ್ನು ಅವಲಂಬಿಸಿತ್ತು.

ಗಡಿನಾಡಿನ ಕನ್ನಡ ಶಾಲೆಯೊಂದರ ಶತಮಾನೋತ್ಸವ ಸಂಪುಟದಲ್ಲಿ ಈ ದೂರದ ಕಥೆಗೆ ಸ್ಥಳವುಂಟೇ ಎಂದು ಓದುಗರು ಕೇಳಬಹುದು. ಉಂಟೆಂದು ನಾವು ನಂಬಿದ್ದೇವೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ತರಗತಿಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲೆಯಾಳ ಮಾತನಾಡುವ ನಮ್ಮ ಮಕ್ಕಳು ಅರಿಯದೆಯೇ ದುಭಾಷಿಗಳಾಗಿ ಬೆಳೆದವರು. ಅಜ್ಜಿಯ ಹೆಸರಿಗೆ ಬಂದ ಕಚೇರಿಯ ಕಾಗದವನ್ನು ಓದಿ, ಅದರ ಅರ್ಥವನ್ನು ಆಕೆಯ ಮಾತಿನಲ್ಲಿ ತಿಳಿಸಿಕೊಟ್ಟ ಮಗು ನಮ್ಮ ಊರಿನ ಪ್ರತಿಯೊಂದು ಮನೆಯಲ್ಲೂ ಇದೆ. ಆ ಕೆಲಸದ ಘನತೆಯನ್ನೂ ಅದರ ಅಪಾಯವನ್ನೂ ಬಲ್ಲವರಿಗೆ ಇಸ್ತಾಂಬೂಲಿನ ಕಥೆ ಅಪರಿಚಿತವೆನಿಸದು.

ವಿಯೆನ್ನಾದಿಂದ ಅಮಾಸ್ಯದವರೆಗೆ

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವು ತುರ್ಕರ ವಶವಾಯಿತು. ಮರುವರ್ಷವೇ ವೆನಿಸ್ ಗಣರಾಜ್ಯವು ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡು ತನ್ನ ಪ್ರತಿನಿಧಿಯನ್ನು ಅಲ್ಲಿ ನೆಲೆಗೊಳಿಸಿತು. 1535ರಲ್ಲಿ ಫ್ರಾನ್ಸಿನ ರಾಯಭಾರಿಯೂ, 1583ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ಬೋರ್ನನೂ, 1612ರಲ್ಲಿ ಡಚ್ಚರ ಕಾರ್ನೆಲಿಸ್ ಹಾಗನೂ ಅಲ್ಲಿಗೆ ಬಂದರು. ಇವರಲ್ಲಿ ಬಹುಮಂದಿಗೆ ವ್ಯಾಪಾರವೇ ಮುಖ್ಯವಾಗಿತ್ತು. ಹಾರ್ಬೋರ್ನನ ಖರ್ಚುವೆಚ್ಚವನ್ನು ಭರಿಸಿದವರು ಲಂಡನ್ನಿನ ವರ್ತಕರು. ಆದರೆ ವಿಯೆನ್ನಾದ ಹ್ಯಾಬ್ಸ್‌ಬರ್ಗ್ ಅರಸರಿಗೆ ಸುಲ್ತಾನನು ಗಡಿಯ ನೆರೆಯವನು, ಬದ್ಧವೈರಿ. 1526ರ ಮೊಹಾಚ್ ಕದನದಲ್ಲಿ ಹಂಗೆರಿಯ ದೊರೆ ಮಡಿದನು. 1529ರಲ್ಲಿ ಸುಲೈಮಾನನ ಸೈನ್ಯ ವಿಯೆನ್ನಾವನ್ನೇ ಮುತ್ತಿತು. 1541ರಲ್ಲಿ ಬುಡಾ ನಗರ ತುರ್ಕರ ಕೈಸೇರಿತು. ಹಂಗೆರಿಯ ಒಂದು ಪಟ್ಟಿಯನ್ನು ಮಾತ್ರ ಉಳಿಸಿಕೊಂಡ ಅರಸ ಫರ್ಡಿನೆಂಡನು 1547ರಲ್ಲಿ ವರ್ಷಕ್ಕೆ 30,000 ಚಿನ್ನದ ನಾಣ್ಯ ತೆರಲೊಪ್ಪಿ ಐದು ವರ್ಷಗಳ ಕದನವಿರಾಮವನ್ನು ಪಡೆದನು. ಟ್ರಾನ್ಸಿಲ್ವೇನಿಯದ ವಿಷಯದಲ್ಲಿ ಅವನು ಆ ಮಾತಿಗೆ ತಪ್ಪಿದಾಗ ಶಿಕ್ಷೆ ಅನುಭವಿಸಿದವನು ಇಸ್ತಾಂಬೂಲಿನಲ್ಲಿದ್ದ ಅವನ ರಾಯಭಾರಿ ಮಲ್ವೆಜ್ಜಿ. ಒಡೆಯನು ವಚನಭಂಗ ಮಾಡಿದರೆ ಅವನ ದೂತನೇ ಹೊಣೆ ಎಂಬುದು ಅಲ್ಲಿನ ನ್ಯಾಯ. ಸೆರೆಮನೆಯಲ್ಲಿ ಆರೋಗ್ಯ ಕೆಟ್ಟು ಹಿಂದಿರುಗಿದ ಮಲ್ವೆಜ್ಜಿ ಹೆಚ್ಚು ಕಾಲ ಬದುಕಲಿಲ್ಲ.

ಅವನ ಸ್ಥಾನಕ್ಕೆ ಆರಿಸಲ್ಪಟ್ಟವನು ಒಜಿಯೆ ಗಿಸ್ಲೆನ್ ದ ಬುಸ್ಬೆಕ್. 1522ರಲ್ಲಿ ಫ್ಲಾಂಡರ್ಸಿನ ಕೊಮೀನ್‌ನಲ್ಲಿ ಜನಿಸಿದ ಇವನು ಒಬ್ಬ ಜಮೀನ್ದಾರನ ವಿವಾಹಬಾಹಿರ ಮಗ. ಮುಂದೆ ಚಕ್ರವರ್ತಿಯ ಆಜ್ಞೆಯಿಂದ ಸಕ್ರಮ ಪುತ್ರನೆನಿಸಿಕೊಂಡವನು. ಲೂವೆನ್, ಪ್ಯಾರಿಸ್, ಇಟಲಿಗಳಲ್ಲಿ ಓದಿ ಹಲವು ಭಾಷೆಗಳನ್ನು ಕಲಿತಿದ್ದನು. 1554ರ ನವೆಂಬರಿನಲ್ಲಿ ಫರ್ಡಿನೆಂಡನ ಪತ್ರವು ಅವನ ಕೈಸೇರಿತು. ವಿಯೆನ್ನಾಕ್ಕೆ ಧಾವಿಸಿದ ಬುಸ್ಬೆಕ್ ರೋಗಶಯ್ಯೆಯಲ್ಲಿದ್ದ ಮಲ್ವೆಜ್ಜಿಯನ್ನು ಕಂಡು ಅವನಿಂದ ಉಪದೇಶ ಪಡೆದು ಹೊರಟನು. ತನಗೆ ಮುನ್ನ ಹೋದವನ ಗತಿಯನ್ನು ಕಣ್ಣಾರೆ ಕಂಡೂ ಹೊರಟ ಆ ಧೈರ್ಯವನ್ನು ನಾವು ಗಮನಿಸಬೇಕು.

ಬುಡಾದಿಂದ ಡ್ಯಾನ್ಯೂಬ್ ನದಿಯ ಮೇಲೆ ದೋಣಿಯಲ್ಲಿ ಬೆಲ್‌ಗ್ರೇಡಿಗೆ, ಅಲ್ಲಿಂದ ನಿಶ್, ಸೋಫಿಯಾ, ಎಡಿರ್ನೆಗಳ ಮಾರ್ಗವಾಗಿ 1555ರ ಜನವರಿ 20ರಂದು ಅವನು ಇಸ್ತಾಂಬೂಲನ್ನು ಸೇರಿದನು. ಸುಲ್ತಾನನು ಅಲ್ಲಿರಲಿಲ್ಲ, ಪರ್ಷಿಯಾದ ವಿರುದ್ಧ ದಂಡೆತ್ತಿ ಹೋಗಿ ಅನಾಟೋಲಿಯದ ಒಳನಾಡಿನ ಅಮಾಸ್ಯದಲ್ಲಿ ಬೀಡುಬಿಟ್ಟಿದ್ದನು. ರಾಯಭಾರಿಗಳು ಜಲಸಂಧಿಯನ್ನು ದಾಟಿ ಮತ್ತೊಂದು ತಿಂಗಳು ಪಯಣಿಸಬೇಕಾಯಿತು. ದಾರಿಯಲ್ಲಿ ಅಂಕಾರಾದ ಪಾಳುಗುಡಿಯೊಂದರ ಗೋಡೆಯ ಮೇಲೆ ರೋಮನ್ ಚಕ್ರವರ್ತಿ ಆಗಸ್ಟಸನ ಸಾಧನೆಗಳನ್ನು ಕೆತ್ತಿದ ಲ್ಯಾಟಿನ್ ಶಾಸನವನ್ನು ಅವರು ಕಂಡರು. ಬುಸ್ಬೆಕ್ ಓದಬರುವಷ್ಟನ್ನು ನಕಲು ಮಾಡಿಸಿಕೊಂಡನು. ಪ್ರಾಚೀನ ರೋಮಿನ ಇತಿಹಾಸಕ್ಕೆ ಅತ್ಯಂತ ಮುಖ್ಯ ಆಕರಗಳಲ್ಲಿ ಒಂದಾದ ಆ ಶಾಸನವು ಯುರೋಪಿನ ವಿದ್ವಾಂಸರ ಗಮನಕ್ಕೆ ಬಂದದ್ದು ಈ ಪಯಣದಿಂದ.

ತೋಳು ಹಿಡಿದು ನಡೆಸಿದ ದರ್ಶನ

ಅಮಾಸ್ಯದಲ್ಲಿ ನಡೆದ ರಾಜದರ್ಶನವನ್ನು ಬುಸ್ಬೆಕ್ ವಿವರವಾಗಿ ಬಣ್ಣಿಸಿದ್ದಾನೆ. ಒಳಹೊಕ್ಕ ರಾಯಭಾರಿಯ ಎರಡು ತೋಳುಗಳನ್ನೂ ಆಸ್ಥಾನದ ಅಧಿಕಾರಿಗಳು ಹಿಡಿದುಕೊಂಡು ನಡೆಸುತ್ತಿದ್ದರು. 1389ರ ಕೊಸೊವೊ ಯುದ್ಧದ ಕಾಲದಲ್ಲಿ ಸುಲ್ತಾನ ಮುರಾದನನ್ನು ಭೇಟಿಯ ನೆವದಿಂದ ಬಂದವನೊಬ್ಬ ಇರಿದು ಕೊಂದನೆಂದೂ, ಅಂದಿನಿಂದ ಈ ಪದ್ಧತಿ ಬಂದಿತೆಂದೂ ಅವನಿಗೆ ತಿಳಿಸಲಾಯಿತು. ಕೈಗೆ ಮುತ್ತಿಟ್ಟ ಬಳಿಕ ಸುಲ್ತಾನನಿಗೆ ಬೆನ್ನು ತೋರದಂತೆ ಹಿಂದೆ ಹಿಂದೆ ನಡೆದು ಗೋಡೆಯ ಬಳಿ ನಿಲ್ಲಬೇಕು. ಬುಸ್ಬೆಕ್ ತನ್ನ ಒಡೆಯನ ಬೇಡಿಕೆಗಳನ್ನು ನಿವೇದಿಸಿದನು. ವೃದ್ಧ ಸುಲೈಮಾನನು ಬಿಗಿದ ಮುಖದಿಂದ ಆಲಿಸಿ 'ಗ್ಯೂಝೆಲ್, ಗ್ಯೂಝೆಲ್' ಎಂದಷ್ಟೇ ನುಡಿದನು. 'ಚೆನ್ನ, ಚೆನ್ನ' ಎಂದು ಅದರರ್ಥ. ಮಾತಿನ ಅರ್ಥ ಒಪ್ಪಿಗೆಯಂತಿದ್ದರೂ ಅದನ್ನು ಆಡಿದ ಧ್ವನಿ ತಿರಸ್ಕಾರದ್ದಾಗಿತ್ತು. ಅದೇ ವಸಂತದಲ್ಲಿ ಅಮೂಲ್ಯ ಕಾಣಿಕೆಗಳೊಡನೆ ಬಂದ ಪರ್ಷಿಯಾದ ರಾಯಭಾರಿಗೆ ಶಾಂತಿ ಒಪ್ಪಂದ ದೊರೆಯಿತು. ಬುಸ್ಬೆಕ್‌ಗೆ ದೊರೆತದ್ದು ಆರು ತಿಂಗಳ ಕದನವಿರಾಮ ಮಾತ್ರ.

ಆದರೂ ಅವನ ಕಣ್ಣು ದ್ವೇಷದಿಂದ ಮಂಕಾಗಲಿಲ್ಲ. ಸಾವಿರಾರು ಮಂದಿ ನೆರೆದಿದ್ದ ಆ ಬೀಡಿನಲ್ಲಿ ಒಂದು ಪಿಸುಮಾತೂ ಕೇಳಿಬರದಿದ್ದುದನ್ನು ಅವನು ಅಚ್ಚರಿಯಿಂದ ಬರೆದನು. ಅಲ್ಲಿ ಹುಟ್ಟಿನಿಂದ ಯಾರೂ ದೊಡ್ಡವರೆನಿಸಿಕೊಳ್ಳುವುದಿಲ್ಲ, ಯೋಗ್ಯತೆಯಿಂದ ಮಾತ್ರ ಪದವಿ ಬರುತ್ತದೆ, ಕುರಿಕಾಯುವವನ ಮಗನೂ ಉನ್ನತ ಹುದ್ದೆಗೆ ಏರಬಲ್ಲನು ಎಂದು ಮೆಚ್ಚಿಕೊಂಡನು. ಕುಲದ ವಿಷಯದಲ್ಲಿ ಸ್ವತಃ ನೋವುಂಡವನ ಮೆಚ್ಚುಗೆಯಿದು. ಇನ್ನೊಂದು ಚಿಕ್ಕ ಸಂಗತಿ ನಮ್ಮ ಮನಸ್ಸನ್ನು ಸೆಳೆಯುತ್ತದೆ. ತುರ್ಕರು ನೆಲದ ಮೇಲೆ ಬಿದ್ದ ಕಾಗದದ ಚೂರನ್ನು ತುಳಿಯದೆ, ಎತ್ತಿ ಗೋಡೆಯ ಸಂದಿನಲ್ಲಿ ಇಡುತ್ತಾರೆ, ಅದರ ಮೇಲೆ ದೇವರ ನಾಮ ಬರೆದಿರಬಹುದೆಂಬ ಭಾವನೆ ಅವರದು ಎಂದು ಬುಸ್ಬೆಕ್ ಹೇಳುತ್ತಾನೆ. ಕಾಲಿಗೆ ತಾಗಿದ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುವುದನ್ನು ಕಲಿತ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾಯುವ ವ್ರತ

ವಿಯೆನ್ನಾಕ್ಕೆ ಹೋಗಿ ಸುಲ್ತಾನನ ಪತ್ರವನ್ನು ಒಪ್ಪಿಸಿ 1556ರ ಆರಂಭದಲ್ಲಿ ಇಸ್ತಾಂಬೂಲಿಗೆ ಮರಳಿದ ಬುಸ್ಬೆಕ್ 1562ರವರೆಗೆ ಅಲ್ಲಿಯೇ ಇದ್ದನು. ಆ ಕಾಲದ ರಾಯಭಾರವೆಂದರೆ ಬಹುಮಟ್ಟಿಗೆ ಕಾಯುವುದು. ಮಹಾವಜೀರ ರುಸ್ತುಂ ಪಾಷಾ ಕಠಿಣ ಸ್ವಭಾವದವನು. ಅವನ ಕಾಲದಲ್ಲಿ ರಾಯಭಾರಿಯು ತನ್ನ ಬಿಡಾರದಲ್ಲಿ ಕಾವಲುಗಾರರ ನಡುವೆ ಬಂದಿಯಂತೆಯೇ ದಿನ ಕಳೆಯಬೇಕಾದ ಸಂದರ್ಭಗಳು ಬಂದವು. ಬುಸ್ಬೆಕ್ ಪ್ರಾಣಿಪಕ್ಷಿಗಳನ್ನು ಸಾಕಿ ಅವುಗಳ ನಡತೆಯನ್ನು ಗಮನಿಸುತ್ತ, ಹಳೆಯ ನಾಣ್ಯಗಳನ್ನೂ ಗ್ರೀಕ್ ಹಸ್ತಪ್ರತಿಗಳನ್ನೂ ಸಂಗ್ರಹಿಸುತ್ತ ಆ ವರ್ಷಗಳನ್ನು ಕಳೆದನು. ಪ್ಲೇಗು ಹರಡಿದಾಗ ಅವನ ಜೊತೆಗಿದ್ದ ವೈದ್ಯ ಕ್ವಾಕೆಲ್‌ಬೀನ್ ಅದಕ್ಕೆ ಬಲಿಯಾದನು. ಬುಸ್ಬೆಕ್ ಪ್ರಿಂಕಿಪೊ ದ್ವೀಪಕ್ಕೆ ಹೋಗಿ ಮೂರು ತಿಂಗಳು ಇದ್ದನು. 1560ರ ಜೆರ್ಬಾ ಕದನದಲ್ಲಿ ಸೆರೆಸಿಕ್ಕ ಸ್ಪೇನಿನ ಸೈನಿಕರನ್ನು ನಗರಕ್ಕೆ ತಂದಾಗ, ಅವರಿಗೆ ನೆರವಾಗಲು ಸಾಲಸೋಲಕ್ಕೂ ಹಿಂಜರಿಯಲಿಲ್ಲ.

ಅವನು ಕಂಡ ಹಸ್ತಪ್ರತಿಗಳಲ್ಲಿ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನ ಸಚಿತ್ರ ಮೂಲಿಕಾಗ್ರಂಥವೂ ಒಂದು. ಆರನೆಯ ಶತಮಾನದ ಆರಂಭದಲ್ಲಿ ಬರೆದ ಆ ಪ್ರತಿಯು ಸುಲ್ತಾನನ ವೈದ್ಯನಾಗಿದ್ದ ಹಾಮೊನ್ ಎಂಬ ಯೆಹೂದ್ಯನ ಮಗನ ಬಳಿ ಇತ್ತು. ಅವನು 100 ಚಿನ್ನದ ನಾಣ್ಯ ಕೇಳಿದನು. ಅಷ್ಟು ಹಣ ಬುಸ್ಬೆಕ್ ಬಳಿ ಇರಲಿಲ್ಲ. ಹುಳ ತಿಂದ ಹೊದಿಕೆಯ ಆ ಗ್ರಂಥವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಅವನು ಚಕ್ರವರ್ತಿಯನ್ನು ಪ್ರಾರ್ಥಿಸಿದನು. ಕೊನೆಗೆ ಅದು ವಿಯೆನ್ನಾವನ್ನು ಸೇರಿತು, ಇಂದಿಗೂ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 1561ರಲ್ಲಿ ರುಸ್ತುಂ ತೀರಿಕೊಂಡನು. ಸೌಮ್ಯನಾದ ಅಲಿ ಪಾಷಾ ಮಹಾವಜೀರನಾದ ಮೇಲೆ, 1562ರಲ್ಲಿ ಎಂಟು ವರ್ಷಗಳ ಒಪ್ಪಂದ ಕೈಗೂಡಿತು.

ಮರೆತ ಮಾತು

ಬುಸ್ಬೆಕ್ ಲ್ಯಾಟಿನ್ನಿನಲ್ಲಿ ಬರೆದ ನಾಲ್ಕು ಪತ್ರಗಳಲ್ಲಿ ನಮ್ಮನ್ನು ಬಹಳ ಕಾಲ ಯೋಚನೆಗೆ ಹಚ್ಚುವ ಪ್ರಸಂಗ ಇನ್ನೊಂದಿದೆ. ಕಪ್ಪು ಸಮುದ್ರದ ತೀರದ ಕ್ರಿಮಿಯಾದಲ್ಲಿ ಜರ್ಮನ್ ಬಳಗದ ಭಾಷೆಯಾಡುವ ಜನರು ಇದ್ದಾರೆಂದು ಅವನು ಕೇಳಿದ್ದನು. ಪ್ರಾಚೀನ ಗಾಥರ ಪೀಳಿಗೆಯವರು ಅವರು. ತಮ್ಮ ಜನರ ದೂರೊಂದನ್ನು ಸುಲ್ತಾನನಿಗೆ ಸಲ್ಲಿಸಲು ಅಲ್ಲಿಂದ ಇಬ್ಬರು ಬಂದಿದ್ದಾರೆಂದು ತಿಳಿದಾಗ ಅವನ ದುಭಾಷಿಗಳು ಅವರನ್ನು ಊಟಕ್ಕೆ ಕರೆತಂದರು. ಒಬ್ಬನು ನೀಳಕಾಯದವನು, ನೋಡಿದರೆ ಫ್ಲಾಂಡರ್ಸಿನವನೇ ಎನ್ನುವಂಥ ಮುಖದವನು. ಅವನೇ ನಿಜವಾದ ಗಾಥ. ಇನ್ನೊಬ್ಬನು ಕುಳ್ಳ, ಹುಟ್ಟಿನಿಂದ ಗ್ರೀಕ. ವಿಚಿತ್ರವೆಂದರೆ, ಆ ಗಾಥನು ಗ್ರೀಕರ ನಡುವೆ ಬಾಳಿ ಬಾಳಿ ತನ್ನ ಮಾತನ್ನು ಮರೆತಿದ್ದನು. ವ್ಯಾಪಾರಕ್ಕಾಗಿ ಗಾಥರೊಡನೆ ಬಳಸಿದ ಗ್ರೀಕನಿಗೆ ಮಾತ್ರ ಆ ಭಾಷೆ ಬರುತ್ತಿತ್ತು!

ಬುಸ್ಬೆಕ್ ಆ ಗ್ರೀಕನಿಂದ ಕೇಳಿ ಸುಮಾರು 80 ಮಾತುಗಳನ್ನೂ ಎಣಿಕೆಯ ಪದಗಳನ್ನೂ ಬರೆದುಕೊಂಡನು. ಮನೆಗೆ 'ಹುಸ್', ಸೇಬಿಗೆ 'ಆಪೆಲ್', ನೆತ್ತರಿಗೆ 'ಪ್ಲುಟ್'. ಕಾಲಾಂತರದಲ್ಲಿ ಆ ಭಾಷೆ ಪೂರ್ತಿಯಾಗಿ ಅಳಿಯಿತು. ಅದರ ಬಗೆಗೆ ವಿದ್ವಾಂಸರಿಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಆ ಒಂದು ಊಟದ ಹೊತ್ತಿನಲ್ಲಿ ಬರೆದುಕೊಂಡದ್ದು. ಒಂದು ಜನಾಂಗದ ನುಡಿಯು ಪರಕೀಯನೊಬ್ಬನ ಬಾಯಿಂದ ಹೊರಟು, ದೂರದೇಶದ ರಾಯಭಾರಿಯ ಕಾಗದದ ಮೇಲೆ ಉಳಿಯಿತು. ಆ ಜನಾಂಗದ ಮಗನು ಎದುರಿಗೇ ಕುಳಿತಿದ್ದೂ ಅದರಲ್ಲಿ ಒಂದು ಮಾತನ್ನೂ ಸೇರಿಸಲಾರದೆ ಹೋದನು. ಅವನನ್ನು ಯಾರೂ ಬಲವಂತಪಡಿಸಿರಲಿಲ್ಲ. ದಿನದಿನದ ಅನುಕೂಲ ನೋಡಿಕೊಂಡು ಬಾಳಿದ್ದನಷ್ಟೆ. ಗಡಿನಾಡಿನವರು ಈ ಪ್ರಸಂಗವನ್ನು ಎರಡು ಬಾರಿ ಓದಬೇಕು.

ಒಂದು ಒಪ್ಪಂದ, ಎರಡು ಅರ್ಥ

ಬುಸ್ಬೆಕ್ ಬಹುಭಾಷಾವಿದನಾಗಿದ್ದರೂ ಸುಲ್ತಾನನೊಡನೆ ವ್ಯವಹರಿಸಲು ದುಭಾಷಿಗಳನ್ನೇ ನಂಬಬೇಕಾಗಿತ್ತು. ಸುಲ್ತಾನನ ಮುಖ್ಯ ದುಭಾಷಿಯಾಗಿದ್ದ ಇಬ್ರಾಹಿಂ ಮೂಲತಃ ಪೋಲೆಂಡಿನವನು. 1562ರಲ್ಲಿ ಅವನೇ ಬುಸ್ಬೆಕ್‌ನೊಡನೆ ಫ್ರಾಂಕ್‌ಫರ್ಟಿಗೆ ಸುಲ್ತಾನನ ದೂತನಾಗಿ ಹೋದನು. ಇತ್ತ ಯುರೋಪಿನ ರಾಯಭಾರಿಗಳ ದುಭಾಷಿಗಳು ಹೆಚ್ಚಾಗಿ ಇಸ್ತಾಂಬೂಲಿನ ಪೆರಾ ಬಡಾವಣೆಯ ಕ್ರೈಸ್ತ ಕುಟುಂಬಗಳವರು, ಅಂದರೆ ಸುಲ್ತಾನನ ಪ್ರಜೆಗಳು. ಕಟುವಾದ ಮಾತನ್ನು ಇದ್ದಂತೆಯೇ ಒಪ್ಪಿಸಿದರೆ ತಮ್ಮ ತಲೆಗೇ ಅಪಾಯ ಎಂದು ಬಲ್ಲ ಅವರು ಮಾತನ್ನು ಮೆತ್ತಗೆ ಮಾಡುತ್ತಿದ್ದರು. ರಾಯಭಾರಿಗೋ ಅದು ದ್ರೋಹವೆಂಬ ಸಂಶಯ. ಆ ಭಯ ಪೊಳ್ಳಾಗಿರಲಿಲ್ಲ. ಕ್ರೀಟ್ ದ್ವೀಪಕ್ಕಾಗಿ ಯುದ್ಧ ನಡೆಯುತ್ತಿದ್ದಾಗ, 1649ರಲ್ಲಿ, ವೆನಿಸಿನ ದುಭಾಷಿ ಗ್ರಿಲ್ಲೊನನ್ನು ಕೊರಳು ಬಿಗಿದು ಕೊಲ್ಲಲಾಯಿತು. 1821ರಲ್ಲಿ ಗ್ರೀಕರು ದಂಗೆಯೆದ್ದಾಗ, ಸುಲ್ತಾನನ ಮುಖ್ಯ ದುಭಾಷಿಯಾಗಿದ್ದ ಗ್ರೀಕ್ ಮನೆತನದ ಮೊರೂಜಿಯ ತಲೆ ಉರುಳಿತು. ಎರಡು ಕಡೆಯ ಮಾತನ್ನೂ ಬಲ್ಲವನನ್ನು ಎರಡು ಕಡೆಯವರೂ ಬೇಕೆನ್ನುತ್ತಾರೆ. ಕಷ್ಟಕಾಲ ಬಂದಾಗ ಎರಡು ಕಡೆಯವರೂ ಅವನನ್ನೇ ಶಂಕಿಸುತ್ತಾರೆ.

ಭಾಷಾಂತರವು ರಾಜ್ಯಗಳ ಮಾನವನ್ನೂ ಕಾಯುತ್ತಿತ್ತು. ಮೇಲೆ ಹೇಳಿದ 30,000 ನಾಣ್ಯಗಳನ್ನು ವಿಯೆನ್ನಾದವರು 'ಗೌರವದ ಉಡುಗೊರೆ' ಎಂದು ಕರೆದರು. ಅದೇ ಹಣವನ್ನು ತುರ್ಕರ ದಫ್ತರಗಳು 'ಕಪ್ಪ' ಎಂದು ಬರೆದುಕೊಂಡವು. ಪರಸ್ಪರ ತಿಳಿಯದ ಎರಡು ಭಾಷೆಗಳಿದ್ದುದರಿಂದಲೇ ಇಬ್ಬರ ಅಭಿಮಾನವೂ ಉಳಿಯಿತು. ಆದರೆ ಇದೇ ಉಪಾಯ ತಿರುಗಿಬೀಳುವುದೂ ಉಂಟು. 1606ರ ಝಿಟ್ವಾಟೊರೊಕ್ ಒಪ್ಪಂದದಲ್ಲಿ ಹ್ಯಾಬ್ಸ್‌ಬರ್ಗ್ ದೊರೆಯನ್ನು ಸುಲ್ತಾನನು ಮೊದಲ ಬಾರಿಗೆ 'ಚಕ್ರವರ್ತಿ' ಎಂದು ಸಮಾನನಾಗಿ ಒಪ್ಪಿಕೊಂಡನು. ವಾರ್ಷಿಕ ಕಪ್ಪದ ಬದಲು ಒಮ್ಮೆಗೇ 2,00,000 ನಾಣ್ಯ ಕೊಡುವುದೆಂದು ನಿರ್ಧಾರವಾಯಿತು. ಆದರೆ ತುರ್ಕಿ ಪಠವು ಇನ್ನೊಂದು ಕಡೆಯವರ ಪಠಕ್ಕೆ ಹೊಂದಿಕೆಯಾಗಲಿಲ್ಲ. ಆ ಪಠಭೇದದ ಜಗಳವು ಸಹಿಯ ಮಸಿ ಒಣಗಿದ ಎಷ್ಟೋ ವರ್ಷಗಳವರೆಗೆ ಮುಂದುವರಿಯಿತು.

ಭಾಷೆಯ ಹುಡುಗರು

ಈ ಸಂಕಟಕ್ಕೆ ರಾಜ್ಯಗಳು ಕಂಡುಕೊಂಡ ಪರಿಹಾರ ಒಂದೇ: ಪಾಠಶಾಲೆ. 1551ರಲ್ಲಿ ವೆನಿಸ್ ತನ್ನ ತರುಣರನ್ನು ತುರ್ಕಿ ಕಲಿಯಲು ಇಸ್ತಾಂಬೂಲಿನ ತನ್ನ ರಾಯಭಾರಿಯ ಮನೆಗೇ ಕಳುಹಿಸಲು ನಿಶ್ಚಯಿಸಿತು. 'ಭಾಷೆಯ ತರುಣರು' ಎಂದೇ ಅವರ ಹೆಸರು. 1669ರಲ್ಲಿ ಫ್ರಾನ್ಸಿನ ಮಂತ್ರಿ ಕೊಲ್ಬೇರನು ಒಂಬತ್ತು ಹತ್ತು ವರ್ಷದ ಬಾಲಕರನ್ನು ಇಸ್ತಾಂಬೂಲು ಮತ್ತು ಸ್ಮಿರ್ನಾದ ಕಪುಚಿನ್ ಪಾದ್ರಿಗಳ ಮಠಗಳಿಗೆ ಕಳುಹಿಸುವ ಏರ್ಪಾಡು ಮಾಡಿದನು. ಎಳೆಯ ನಾಲಗೆ ಮಾತ್ರವೇ ಪರಭಾಷೆಗೆ ಸುಲಭವಾಗಿ ಬಾಗುತ್ತದೆಂಬುದು ಅವನ ಎಣಿಕೆ. ತಾಯಿಯ ಮಡಿಲಿನಿಂದ ಅಷ್ಟು ದೂರ ಹೋದ ಆ ಬಾಲಕರ ಮನಸ್ಸನ್ನು ಊಹಿಸಿದರೆ ಕನಿಕರವಾಗುತ್ತದೆ. 1754ರಲ್ಲಿ ರಾಣಿ ಮರಿಯಾ ತೆರೇಸಾ ವಿಯೆನ್ನಾದಲ್ಲಿ ಪೌರಸ್ತ್ಯ ಭಾಷೆಗಳ ಅಕಾಡೆಮಿಯನ್ನು ತೆರೆದಳು. ಈ ಭಾಷಾಭ್ಯಾಸದ ಫಲ ರಾಜಕಾರಣವನ್ನು ಮೀರಿ ಹಬ್ಬಿತು. ದುಭಾಷಿ ಮೆನಿನ್‌ಸ್ಕಿ 1680ರಲ್ಲಿ ತುರ್ಕಿ, ಅರಬ್ಬಿ, ಪಾರಸಿಗಳ ಬೃಹತ್ ನಿಘಂಟನ್ನು ಪ್ರಕಟಿಸಿದನು. 1670ರಲ್ಲಿ ಫ್ರೆಂಚ್ ರಾಯಭಾರಿಯ ಜೊತೆ ಇಸ್ತಾಂಬೂಲಿಗೆ ಹೋದ ಆಂತ್ವಾನ್ ಗಲ್ಲಾನನು ಮುಂದೆ, 1704ರಿಂದ, ಅರೇಬಿಯನ್ ನೈಟ್ಸ್ ಕಥೆಗಳನ್ನು ಯುರೋಪಿಗೆ ಮೊದಲು ತರ್ಜುಮೆ ಮಾಡಿ ಕೊಟ್ಟನು.

1717ರಲ್ಲಿ ಇಂಗ್ಲಿಷ್ ರಾಯಭಾರಿಯ ಪತ್ನಿಯಾಗಿ ಬಂದ ಲೇಡಿ ಮೇರಿ ಮಾಂಟೆಗ್ಯು ಸಿಡುಬಿಗೆ ತುರ್ಕರು ಮಾಡುತ್ತಿದ್ದ ಚುಚ್ಚುವಿಕೆಯನ್ನು ಕಂಡು ಮೆಚ್ಚಿ ತನ್ನ ಮಗನಿಗೇ ಮಾಡಿಸಿದಳು. ಪೆರಾದಲ್ಲಿ ಕಿವಿಗೆ ಬೀಳುವ ಭಾಷೆಗಳನ್ನು ಪಟ್ಟಿಮಾಡಿದ ಅವಳು, ತನ್ನ ಮನೆಯ ಆಳುಕಾಳುಗಳೇ ಹತ್ತು ಭಾಷೆ ಆಡುತ್ತಾರೆಂದು ಬರೆದಳು. ಈ ಗದ್ದಲದಲ್ಲಿ ತನ್ನ ಇಂಗ್ಲಿಷ್ ದಿನದಿನಕ್ಕೆ ಸವೆದು, ಕಾಗದವನ್ನು ಮುಗಿಸಲು ತಕ್ಕ ಮಾತೂ ಹೊಳೆಯದಾಗಿದೆ ಎಂದು ಅರ್ಧ ವಿನೋದದಿಂದ, ಅರ್ಧ ವ್ಯಥೆಯಿಂದ ತೋಡಿಕೊಂಡಳು. ಕ್ರಿಮಿಯಾದ ಗಾಥನ ನೆನಪು ಇಲ್ಲಿ ನಮಗೆ ಬಾರದಿರದು.

ಘಟ್ಟದ ಹಾದಿಯ ನಾಲ್ವರು ಹುಡುಗರು

ಇಸ್ತಾಂಬೂಲಿನ ಈ ಕಥೆಯ ಒಂದು ಎಳೆ ನಮ್ಮ ನಾಡಿನವರೆಗೂ ಬಂದಿದೆ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1614ರಲ್ಲಿ ವೆನಿಸಿನಿಂದ ಹೊರಟು, ಇಸ್ತಾಂಬೂಲಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಇದ್ದು ತುರ್ಕಿ ಕಲಿತನು. ಪರ್ಷಿಯಾದ ಮೂಲಕ 1623ರಲ್ಲಿ ಭಾರತಕ್ಕೆ ಬಂದನು. ಅದೇ ವರ್ಷ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ರಾಯಭಾರಿಯನ್ನು ಕಳುಹಿಸಿದಾಗ ಅವನೂ ಜೊತೆಗೂಡಿದನು. ನಾಯಕನ ಪರವಾಗಿ ಗೋವೆಗೆ ಹೋಗಿದ್ದ, ವಿಠಲ ಶೆಣೈ ಎಂದು ನಾವು ಗುರುತಿಸಬಹುದಾದ ರಾಯಭಾರಿಯೂ ಆ ತಂಡದಲ್ಲಿದ್ದನು. ಹೊನ್ನಾವರ, ಗೇರುಸೊಪ್ಪೆಗಳ ಮೇಲೆ ಘಟ್ಟವನ್ನೇರಿ ಅವರು ಇಕ್ಕೇರಿಯನ್ನು ತಲುಪಿದರು. ಮುಂದೆ ದೆಲ್ಲಾ ವಾಲ್ಲೆ ನಮ್ಮ ಕರಾವಳಿಗೂ ಬಂದನು. ಬರಿಗಾಲಲ್ಲಿ ನಡೆದು ನೀರಿನ ಕಾಲುವೆಯ ಕೆಲಸವನ್ನು ನೋಡಲು ಹೊರಟಿದ್ದ ಉಳ್ಳಾಲದ ಚೌಟ ರಾಣಿಯನ್ನು ದಾರಿಯಲ್ಲೇ ಕಂಡು, ದುಭಾಷಿಯ ಮೂಲಕ ಮಾತನಾಡಿದನು.

ಇಕ್ಕೇರಿಯ ಆಸ್ಥಾನದ ವೈಭವಕ್ಕಿಂತ ಹೆಚ್ಚಾಗಿ ನಮ್ಮಂಥ ಶಾಲೆಯವರಿಗೆ ಬೇಕಾದ ಚಿತ್ರವೊಂದನ್ನು ಅವನು ಬಿಟ್ಟುಹೋಗಿದ್ದಾನೆ. ಘಟ್ಟದ ಹಾದಿಯಲ್ಲಿ ತಂಗಿದ್ದಾಗ ದೇವಸ್ಥಾನವೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬನು ಪಾಠವನ್ನು ರಾಗವಾಗಿ ಹಾಡುತ್ತ ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆದರೆ, ಉಳಿದವರೂ ಹಾಡಿ ಬರೆಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ, ಹೊಸ ಮರಳು ಹರಡಿ ಮುಂದುವರಿಸುತ್ತಿದ್ದರು. ಗುರುಗಳು ಇಲ್ಲದಿರುವಾಗ ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದನು. ಒಂದೇ ಸಂಗತಿಯನ್ನು ನಾಲ್ವರೂ ಒಮ್ಮೆಗೇ ಮರೆಯುವುದು ಸಾಧ್ಯವಿಲ್ಲವಲ್ಲ ಎಂದು ಹುಡುಗರು ಉತ್ತರಿಸಿದರು. ಅದು ಸರಿಯೆಂದು ಅವನೂ ಒಪ್ಪಿಕೊಂಡನು.

ಇಸ್ತಾಂಬೂಲಿನ ಊಟದ ಮನೆಯಲ್ಲಿ ಕುಳಿತಿದ್ದ ಗಾಥನ ಬಳಿ ಅಂಥ ಮೂವರು ಜೊತೆಗಾರರು ಇರಲಿಲ್ಲ. ಒಂಟಿಯಾದವನು ತನ್ನ ಮಾತನ್ನು ಮರೆಯುತ್ತಾನೆ. ಒಟ್ಟಿಗೆ ಕುಳಿತು ಹಾಡುವವರಲ್ಲಿ ಒಬ್ಬನು ಮರೆತದ್ದನ್ನು ಇನ್ನೊಬ್ಬನು ಎತ್ತಿಕೊಡುತ್ತಾನೆ. ನೆರೆಯವರ ಭಾಷೆಯನ್ನು ಕಲಿಯುವುದು ಬೇಡವೆಂದು ಈ ಇತಿಹಾಸ ಹೇಳುವುದಿಲ್ಲ. ಬುಸ್ಬೆಕ್, ಗಲ್ಲಾನ್, ಹೆಸರು ಉಳಿಯದ ನೂರಾರು ದುಭಾಷಿಗಳು ಎಲ್ಲರೂ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಾರೆ. ದುಭಾಷಿಗೆ ಎರಡು ನುಡಿಗಳು ಬೇಕು. ತನ್ನದನ್ನು ಕಳೆದುಕೊಂಡ ದಿನ ಅವನ ಬಳಿ ಒಂದೇ ಉಳಿಯುತ್ತದೆ. ನೂರು ವರ್ಷಗಳಿಂದ ನಮ್ಮ ಶಾಲೆಯು ಮಾಡಿಕೊಂಡು ಬಂದಿರುವುದು ಮಕ್ಕಳನ್ನು ಒಂದೇ ಜಗಲಿಯ ಮೇಲೆ ಒಟ್ಟಿಗೆ ಕುಳ್ಳಿರಿಸುವ ಕೆಲಸ. ಮರಳಿನ ಮೇಲಿನ ಅಕ್ಷರ ಅಳಿಯುವಂಥದು. ಹೊಸ ಮರಳನ್ನು ಹರಡುವ ಕೈಗಳು ಇರುವವರೆಗೆ ಅದರಿಂದ ನಷ್ಟವೇನೂ ಇಲ್ಲ.